ಹೋರಾಟಕ್ಕೊಂದು ಕಿರು ಸಾಕ್ಷ್ಯಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘಟನೆಗಳ ಜೊತೆ ಸೇರಿ ಮೂರು ನಾಲ್ಕು ನಿಮಿಷದ ಸಾಕ್ಷ್ಯಚಿತ್ರಗಳನ್ನು ಮಾಡುವುದು ನನ್ನ ಕೆಲಸ. ಜಾಸ್ತಿ ಮಾಡಿದ್ದು ಮಲಗುಂಡಿ ಮತ್ತು ಮ್ಯಾನ್‌ಹೋಲ್‌ಗೆ ಇಳಿಯುವವರ ಬಗ್ಗೆ, ಇಳಿದು ವಾಪಸ್ ಬರದವರ ಮನೆಯವರ ಬಗ್ಗೆ. ತರಬೇತಿಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನವು ಈಗಷ್ಟೇ ಶುರು ಮಾಡುವವರಿಗೆ. ಕೊನೆಯವು ಒಂದೆರಡು ವಿಡಿಯೊ ಮಾಡಿ ಪೆಟ್ಟು ತಿಂದವರಿಗೆ.

## ಶುರು ಮಾಡುವ ಮುಂಚೆ

ವಿಡಿಯೊದಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ? ಸುಮ್ನೆ ನಮ್ಮ ಸಮಾಧಾನಕ್ಕೆ ಮಾಡ್ತೀವಾ?

ಆಗುತ್ತದೆ. ಆದರೆ ವಿಡಿಯೊ ಒಂದರಿಂದಲೇ ಆಗುವುದಿಲ್ಲ.

ಕೆನಡಾದ ಫೋಗೊ ದ್ವೀಪದ ಕಥೆ ನನಗೆ ತುಂಬಾ ಇಷ್ಟ. 1967ರ ಮಾತು. ಮೀನುಗಾರರ ದ್ವೀಪ. ಹಿಡಿಯುವ ಮೀನಿಗೆ ಬೆಲೆ ಇಲ್ಲ, ಅರ್ಧಕ್ಕರ್ಧ ಜನ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದರು. ಊರು ಬಿಟ್ಟು ಬೇರೆ ಕಡೆ ಹೋಗಿ ಎಂದು ಸರ್ಕಾರ ಹೇಳುತ್ತಿತ್ತು. ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಹೋಗಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಪುಟ್ಟ ಚಿತ್ರಗಳನ್ನು ಮಾಡಿದರು. ಒಂದೊಂದು ಚಿತ್ರದಲ್ಲಿ ಒಬ್ಬರ ಮಾತು, ಇಲ್ಲವೇ ಒಂದು ಸಮಸ್ಯೆ. ಅವನ್ನು ಮೊದಲು ತೋರಿಸಿದ್ದು ದ್ವೀಪದ ಬೇರೆ ಬೇರೆ ಹಳ್ಳಿಯವರಿಗೆ. ಒಬ್ಬರ ಮುಖ ಒಬ್ಬರು ನೋಡದ ಹಳ್ಳಿಗಳವು. ಪರದೆಯ ಮೇಲೆ ಆಚೆ ಊರಿನವರ ಗೋಳು ಕೇಳಿದಾಗ "ಅರೆ, ಇದು ನಮ್ಮದೇ ಕಥೆ" ಅನ್ನಿಸಿತು. ಆಮೇಲೆ ಅವರ ಒಪ್ಪಿಗೆ ಪಡೆದು ಮಂತ್ರಿಗಳಿಗೆ ತೋರಿಸಿದರು. ಮೀನುಗಾರಿಕೆ ಸಚಿವರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಿದರು. ಜನ ಸಹಕಾರ ಸಂಘ ಕಟ್ಟಿಕೊಂಡರು. ದ್ವೀಪ ಖಾಲಿ ಆಗಲಿಲ್ಲ.

ಅಲ್ಲಿ ಜನ ಸೇರಿ ಮಾತಾಡಲು ಚಿತ್ರಗಳು ಒಂದು ನೆಪವಾದವು. ಸಂಘ ಕಟ್ಟಿದ್ದು ಜನ. ನಿಮ್ಮ ಊರಿನಲ್ಲಿ ಅರ್ಜಿ ಹಿಡಿದು ಓಡಾಡುವವರು, ಸಭೆ ಕರೆಯುವವರು, ಒಬ್ಬ ವಕೀಲರು ಇದ್ದರೆ ವಿಡಿಯೊ ಅವರ ಕೈಗೆ ಬಲ ಕೊಡುತ್ತದೆ. ಯಾರೂ ಇಲ್ಲದಿದ್ದರೆ ಮೊದಲು ಅವರನ್ನು ಹುಡುಕಿ. ಕ್ಯಾಮೆರಾ ಕಾಯಲಿ.

ಟಿವಿಯವರು ಬಂದು ವರದಿ ಮಾಡಿ ಹೋದ್ರು. ನಾವೂ ಯಾಕೆ ಮಾಡ್ಬೇಕು?

ಟಿವಿಯವರು ಸಾವಿನ ದಿನ ಬರುತ್ತಾರೆ. ನಿಮ್ಮ ಕೆಲಸ ಶುರುವಾಗುವುದು ಹನ್ನೊಂದನೆಯ ದಿನದ ಮೇಲೆ. ಪರಿಹಾರದ ಅರ್ಜಿ ಯಾವ ಮೇಜಿನ ಮೇಲಿದೆ, ಎಫ್‌ಐಆರ್‌ನಲ್ಲಿ ಯಾವ ಕಾಯ್ದೆ ಹಾಕಿದ್ದಾರೆ, ಗುತ್ತಿಗೆದಾರನಿಗೆ ಮತ್ತೆ ಟೆಂಡರ್ ಸಿಕ್ಕಿದೆಯಾ ಎಂದು ಆರು ತಿಂಗಳ ಮೇಲೆ ಯಾವ ವಾಹಿನಿಯೂ ಕೇಳುವುದಿಲ್ಲ. ನೀವು ಕೇಳಬಹುದು.

ಎಲ್ರಿಗೂ ತಲುಪಬೇಕು ಅಂತ ನಮ್ಮಾಸೆ. ಯಾರನ್ನ ಮನಸ್ಸಲ್ಲಿಟ್ಟುಕೊಂಡು ಮಾಡೋದು?

ಎಲ್ಲರಿಗೂ ಅಂತ ಮಾಡಿದ್ದು ಯಾರಿಗೂ ತಾಗುವುದಿಲ್ಲ. ನಾನು ಈಗ ಕ್ಯಾಮೆರಾ ಮುಟ್ಟುವ ಮುಂಚೆ ಒಂದು ಚೀಟಿ ಬರೆದುಕೊಳ್ಳುತ್ತೇನೆ. "ಇದನ್ನು ನೋಡಬೇಕಾದವರು ಯಾರು? ನೋಡಿದ ಮೇಲೆ ಅವರು ಏನು ಮಾಡಬೇಕು?" ಎರಡಕ್ಕೂ ಒಂದೊಂದು ಸಾಲಿನ ಉತ್ತರ ಬರುವವರೆಗೆ ಚಿತ್ರೀಕರಣ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಪಟ್ಟಣದಲ್ಲಿ ಮ್ಯಾನ್‌ಹೋಲ್‌ಗೆ ಇಳಿದು ಗಂಡನನ್ನು ಕಳೆದುಕೊಂಡ ಒಬ್ಬರು ಪರಿಹಾರಕ್ಕೆ ಅಲೆಯುತ್ತಿದ್ದರು. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು ಹೇಳಿದೆ. ಆ ಮೊತ್ತ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿತು. ಇವರದು ಅದಕ್ಕೂ ಹಿಂದಿನ ಪ್ರಕರಣ. ಕಾನೂನು ಸ್ಪಷ್ಟವಾಗಿತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಹಾಗಾದರೆ ಈ ವಿಡಿಯೊವನ್ನು ನಾಡಿನ ಜನ ನೋಡಬೇಕಾಗಿರಲಿಲ್ಲ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಜಾಗೃತಿ ಸಮಿತಿ ಇರುತ್ತದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಆ ಸಮಿತಿಯ ಹತ್ತು ಹನ್ನೆರಡು ಜನ ನೋಡಿದರೆ ಸಾಕಿತ್ತು.

ಆ ತಾಯಿ ತಮ್ಮ ಕಾಗದಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರು. ಚೀಲ ಬಿಚ್ಚಿ ನೆಲದ ಮೇಲೆ ಒಂದೊಂದೇ ಹಾಸಿದರು. ಎಫ್‌ಐಆರ್ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಆಮೇಲೆ ಅರ್ಜಿ, ಮತ್ತೆ ಅರ್ಜಿ, ಮತ್ತೆ ಅರ್ಜಿ. ಪ್ರತಿಯೊಂದರ ಮೇಲೂ ಕಚೇರಿಯ ಸ್ವೀಕೃತಿ ಮುದ್ರೆ. ಅವರಿಗೆ ಓದಲು ಬರುವುದಿಲ್ಲ. ಆದರೆ ಯಾವ ಕಾಗದ ಯಾವುದು ಅಂತ ಮಡಿಕೆ ನೋಡಿಯೇ ಗೊತ್ತಿತ್ತು. ಕೈ ಕಾಗದ ಹಾಸುವುದನ್ನು ನಲವತ್ತು ಸೆಕೆಂಡ್ ಹಾಗೇ ಬಿಟ್ಟೆವು. ಸಂಗೀತ ಇಲ್ಲ, ಹಿನ್ನೆಲೆ ಮಾತಿಲ್ಲ. ಸಭೆಯಲ್ಲಿ ತೋರಿಸಿದಾಗ ಒಬ್ಬ ಅಧಿಕಾರಿ ಮುಂದಕ್ಕೆ ಬಾಗಿ "ಆ ಮುದ್ರೆಯ ತಾರೀಕು ಯಾವುದು? ಸ್ವಲ್ಪ ಹಿಂದಕ್ಕೆ ಹಾಕಿ" ಎಂದರು. ನಮಗೆ ಬೇಕಾಗಿದ್ದ ಪ್ರಶ್ನೆ ಅದೇ. ಅದೇ ಹೊತ್ತಿಗೆ ವಕೀಲರ ನೋಟಿಸೂ ಹೋಗಿತ್ತು, ಸಂಘದವರು ಹೊರಗೆ ಕೂತಿದ್ದರು. ಕೆಲವು ತಿಂಗಳಲ್ಲಿ ಹಣ ಬಂತು.

ಎಷ್ಟು ನಿಮಿಷ ಇರಬೇಕು?

ಸಭೆಗೆ ಮೂರರಿಂದ ಐದು ನಿಮಿಷ. ವಾಟ್ಸ್‌ಆ್ಯಪ್‌ಗೆ ಒಂದೂವರೆ ನಿಮಿಷದೊಳಗೆ. ಊರಿನ ಜನ ಸೇರಿ ನೋಡುವುದಾದರೆ ಹತ್ತು ನಿಮಿಷವಾದರೂ ಪರವಾಗಿಲ್ಲ, ತಮ್ಮವರ ಮಾತನ್ನು ಜನ ತಾಳ್ಮೆಯಿಂದ ಕೇಳುತ್ತಾರೆ. ಒಂದು ವಿಡಿಯೊಗೆ ಒಂದೇ ವಿಷಯ. ಜಾತಿ, ಕೂಲಿ, ಮನೆ, ಮಕ್ಕಳ ಓದು ಎಲ್ಲವನ್ನೂ ನಾಲ್ಕು ನಿಮಿಷಕ್ಕೆ ತುರುಕಬೇಡಿ.

ಒಳ್ಳೆ ಕ್ಯಾಮೆರಾ ಇಲ್ಲ, ಬರೀ ಮೊಬೈಲ್ ಇದೆ. ಆಗುತ್ತಾ?

ಧಾರಾಳವಾಗಿ ಆಗುತ್ತದೆ. ದುಡ್ಡು ಇದ್ದರೆ ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಅಲುಗಾಡಿದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೊಬೈಲಿಗೆ ಸಿಕ್ಕಿಸುವ ಒಂದು ಕಾಲರ್ ಮೈಕ್ ಸಾಕು. ಮನೆಯೊಳಗೆ ಫ್ಯಾನ್ ಆರಿಸಿ, ಕುಕ್ಕರ್ ಕೂಗಿ ಮುಗಿಯುವವರೆಗೆ ಕಾಯಿರಿ. ಕಿಟಕಿ ನಿಮ್ಮ ಬೆನ್ನಿಗಿರಲಿ, ಮಾತಾಡುವವರ ಬೆನ್ನಿಗೆ ಬೇಡ. ಏರೋಪ್ಲೇನ್ ಮೋಡ್ ಹಾಕುವುದು ಮರೆಯಬೇಡಿ, ಒಳ್ಳೆಯ ಮಾತಿನ ನಡುವೆಯೇ ಫೋನ್ ಬರುವುದು.

## ಕ್ಯಾಮೆರಾ ಹಿಡಿದಾಗ

ಕಷ್ಟ ತೋರಿಸದಿದ್ರೆ ನೋಡೋರ ಮನಸ್ಸು ಕರಗಲ್ಲ ಅಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆಯ ಒಂದು ಮನೆ ನೆನಪಾಗುತ್ತದೆ. ಕಾಸರಗೋಡಿನಲ್ಲೂ ಈ ಕಡೆಯ ಗೇರು ತೋಟಗಳಲ್ಲೂ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ಆ ಗೆಲುವಿನಲ್ಲಿ ಫೋಟೊಗಳ, ವಿಡಿಯೊಗಳ ಪಾಲು ದೊಡ್ಡದು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಆ ಮನೆಯ ತಾಯಿ ನನ್ನ ಕೈಯಲ್ಲಿ ಕ್ಯಾಮೆರಾ ನೋಡಿದ ಕೂಡಲೇ, ಆ ವಿಷಕ್ಕೆ ತುತ್ತಾದ ಮಗನ ಮೇಲಿದ್ದ ಹೊದಿಕೆ ತೆಗೆಯಲು ಹೋದರು. ನಾನು ಕೇಳಿರಲಿಲ್ಲ. ಬಂದವರೆಲ್ಲ ಅದನ್ನೇ ಕೇಳಿದ್ದರು. ನಾನು ಬೇಡ ಅಂದೆ. ಆಗ ಅವರು "ಹಾಗಾದ್ರೆ ನೀವು ಎಂತ ತೆಗಿಯುದು ಮತ್ತೆ?" ಎಂದು ಆಶ್ಚರ್ಯಪಟ್ಟರು.

ಕೊನೆಗೆ ತೆಗೆದಿದ್ದು ಅವರ ಒಂದು ದಿನ. ಬೆಳಗ್ಗೆ ಐದಕ್ಕೆ ಏಳುವುದು, ಮಗನಿಗೆ ಗಂಜಿ ಉಣಿಸಲು ಹಿಡಿಯುವ ಮುಕ್ಕಾಲು ಗಂಟೆ, ಅವನನ್ನು ಬಿಟ್ಟು ಕೂಲಿಗೆ ಹೋಗಲಾಗದ ಲೆಕ್ಕ, ಪಿಂಚಣಿಯ ಪಾಸ್‌ಬುಕ್. ಅವರ ಬೇಡಿಕೆ ಹಗಲು ಹೊತ್ತು ಮಗನನ್ನು ನೋಡಿಕೊಳ್ಳುವ ಕೇಂದ್ರ ಬೇಕು ಎನ್ನುವುದು. ಆ ಬೇಡಿಕೆಗೆ ಅವನ ಮೈ ಸಾಕ್ಷಿ ಹೇಳಬೇಕಾಗಿರಲಿಲ್ಲ, ಆ ಮುಕ್ಕಾಲು ಗಂಟೆ ಹೇಳಿತು.

ಕಷ್ಟ ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಏನು ತೋರಿಸಬೇಕು ಎಂದು ಅಲ್ಲಿ ತೀರ್ಮಾನಿಸಿದ್ದು ಅವರೇ. ನಾವು ಯಾರದೋ ಮನೆಗೆ ಹೋಗಿ ಹೊದಿಕೆ ತೆಗೆಯಿರಿ ಅನ್ನುವುದು ಬೇರೆ ಮಾತು.

ಕ್ಯಾಮೆರಾ ಇಟ್ಟ ಕೂಡ್ಲೇ ಅವ್ರು ಮಾತೇ ಆಡಲ್ಲ. ಏನ್ಮಾಡೋದು?

ಮೊದಲ ದಿನ ಕ್ಯಾಮೆರಾ ತೆಗೆದುಕೊಂಡು ಹೋಗಬೇಡಿ. ಎರಡನೆಯ ದಿನ ಅವರು ಏನಾದರೂ ಕೆಲಸ ಮಾಡುತ್ತಿರುವಾಗ ಮಾತಾಡಿಸಿ. ಸೊಪ್ಪು ಬಿಡಿಸುವಾಗ, ಬೀಡಿ ಕಟ್ಟುವಾಗ, ಪಾತ್ರೆ ತೊಳೆಯುವಾಗ ಕೈಗೆ ಕೆಲಸ ಇರುತ್ತದೆ, ಮಾತು ತಾನಾಗಿ ಬರುತ್ತದೆ. "ನಿಮಗೆ ಹೇಗನ್ನಿಸಿತು?" ಎಂದು ಕೇಳಬೇಡಿ, ಅದಕ್ಕೆ ಅಳುವೊಂದೇ ಉತ್ತರ. "ಆವತ್ತು ಬೆಳಗ್ಗೆ ಅವರು ಏನು ತಿಂದು ಹೋಗಿದ್ದರು?" ಎಂದು ಕೇಳಿ ನೋಡಿ. ಒಬ್ಬರು ಈ ಪ್ರಶ್ನೆಗೆ "ಏನೂ ತಿನ್ನಲಿಲ್ಲ, ಬಂದು ಸ್ನಾನ ಮಾಡಿ ತಿಂತೀನಿ ಅಂದ್ರು. ಚಿತ್ರಾನ್ನ ಹಾಗೇ ಇತ್ತು" ಎಂದರು. ಗುಂಡಿಗೆ ಇಳಿಯುವ ದಿನ ಅವರು ಮೊದಲೇ ಉಣ್ಣುತ್ತಿರಲಿಲ್ಲ ಎಂಬುದು ನನಗೆ ಗೊತ್ತಾಗಿದ್ದೇ ಹಾಗೆ.

ಗುಂಡಿಗೆ ಇಳಿಯೋದನ್ನ ಒಂದ್ಸಲ ಮಾಡಿ ತೋರ್ಸಿ ಅನ್ನಬಹುದಾ? ದೃಶ್ಯ ಇಲ್ದೆ ಹೇಗೆ?

ಖಂಡಿತ ಅನ್ನಬಾರದು. ಒಂದು ಸಲವೂ ಬೇಡ, ಎರಡು ಅಡಿಯೂ ಬೇಡ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಅನಿಲ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಅನಿಲ ಜಾಸ್ತಿಯಾದರೆ ಮೂಗಿನ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ತೊಂದರೆ ಇಲ್ಲ ಅಂದುಕೊಂಡ ಮನುಷ್ಯ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಹೋದ ಎರಡನೆಯವನೂ, ಮೂರನೆಯವನೂ ಹಾಗೇ ಬೀಳುತ್ತಾರೆ. ನಮ್ಮ ದೇಶದ ಎಷ್ಟೋ ಸಾವುಗಳು ಹೀಗೆ ಜೋಡಿಯಾಗಿ ಆದವು. ಮೇಲಾಗಿ, ಸುರಕ್ಷತೆಯಿಲ್ಲದೆ ಯಾರನ್ನಾದರೂ ಇಳಿಸುವುದು 2013ರ ಕಾಯ್ದೆಯ 7ನೆಯ ಕಲಂ ಪ್ರಕಾರ ನಿಷಿದ್ಧ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ.

ದೃಶ್ಯ ಬೇಕಾದರೆ ಮುಚ್ಚಳ ತೆಗೆಯುವ ಕಬ್ಬಿಣದ ಸಲಾಕೆ ತೋರಿಸಿ, ಹಗ್ಗ ತೋರಿಸಿ. ಕಚೇರಿಯ ಹಿಂದೆ ತುಕ್ಕು ಹಿಡಿದು ನಿಂತ, ಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರ ಇದ್ದರೆ ಅದಕ್ಕಿಂತ ಬಲವಾದ ದೃಶ್ಯ ಇಲ್ಲ. ನಿಜವಾಗಿ ಯಾರನ್ನೋ ಇಳಿಸುತ್ತಿರುವುದು ಕಣ್ಣಿಗೆ ಬಿದ್ದರೆ ಮೊದಲು ತಡೆಯಿರಿ, ಆಮೇಲೆ ಕ್ಯಾಮೆರಾ.

ಮಾತಾಡಿದ್ದಕ್ಕೆ ದುಡ್ಡು ಕೊಡಬಹುದಾ?

ಮಾತಿಗೆ ದುಡ್ಡು ಬೇಡ. ಕೊಟ್ಟರೆ ನಾಳೆ ಎದುರಿನವರು "ಹೇಳಿಕೊಟ್ಟು ಹೇಳಿಸಿದ್ದಾರೆ" ಅನ್ನುತ್ತಾರೆ. ಆದರೆ ನಿಮಗಾಗಿ ಒಂದು ದಿನದ ಕೂಲಿ ಬಿಟ್ಟು ಕೂತವರಿಗೆ ಆ ಕೂಲಿ, ಬಸ್ ಚಾರ್ಜು, ಊಟ ಕೊಡುವುದು ನ್ಯಾಯ. ಎಷ್ಟು ಅಂತ ಮೊದಲೇ ಹೇಳಿ, ಲೆಕ್ಕದ ಪುಸ್ತಕದಲ್ಲಿ ಬರೆಯಿರಿ.

## ಒಪ್ಪಿಗೆ ಮತ್ತು ಸುರಕ್ಷತೆ

ಫಾರ್ಮಿಗೆ ಸಹಿ ಹಾಕಿಸಿಕೊಂಡಿದ್ದೀವಿ. ಸಾಕಲ್ವಾ?

ಸಹಿ ನಿಮ್ಮನ್ನು ಕಾಪಾಡುತ್ತದೆ, ಅವರನ್ನಲ್ಲ. ನಿಜವಾದ ಒಪ್ಪಿಗೆಗೆ ಅವರಿಗೆ ಮೂರು ವಿಷಯ ಗೊತ್ತಿರಬೇಕು. ಇದನ್ನು ಯಾರು ಯಾರು ನೋಡುತ್ತಾರೆ, ನೋಡಿದರೆ ಕೆಟ್ಟದ್ದು ಏನಾಗಬಹುದು, ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು. "ಇಂಟರ್‌ನೆಟ್‌ಗೆ ಹಾಕ್ತೀವಿ" ಅಂದರೆ ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ. "ನಿಮ್ಮ ಮಗಳ ಗಂಡನ ಮನೆಯವರು ಮೊಬೈಲಿನಲ್ಲಿ ನೋಡಬಹುದು, ನಿಮ್ಮ ಮೇಸ್ತ್ರಿ ನೋಡಬಹುದು" ಅಂದರೆ ಅರ್ಥವಾಗುತ್ತದೆ. ಹಾಗೆ ಹೇಳಿ. ಈ ಮಾತುಕತೆಯನ್ನೇ ರೆಕಾರ್ಡ್ ಮಾಡಿಕೊಳ್ಳಿ, ಓದಲು ಬಾರದವರಿಗೆ ಹೆಬ್ಬೆಟ್ಟಿಗಿಂತ ಅದು ಒಳ್ಳೆಯದು.

ಎಡಿಟಿಂಗ್ ಮುಗಿದ ಮೇಲೆ ಮತ್ತೊಮ್ಮೆ ಹೋಗಿ ತೋರಿಸಿ, ಮತ್ತೊಮ್ಮೆ ಕೇಳಿ. ಅವರು ಬೇಡ ಅಂದರೆ ಆ ಭಾಗ ತೆಗೆಯಿರಿ. ನಿಮ್ಮ ವಿಡಿಯೊದ ಅತಿ ಒಳ್ಳೆಯ ಭಾಗ ಅದೇ ಆಗಿದ್ದರೂ ತೆಗೆಯಿರಿ.

ಮುಖ ಬ್ಲರ್ ಮಾಡಿದ್ರೆ ಗುರುತು ಸಿಗಲ್ಲ ತಾನೇ?

ಸಿಗುತ್ತದೆ. ಇದನ್ನು ನಾನು ಒಬ್ಬರ ಕೆಲಸ ಹೋದ ಮೇಲೆ ಕಲಿತೆ. ಗುತ್ತಿಗೆಯಲ್ಲಿದ್ದ ಒಬ್ಬ ಅಣ್ಣ ಕೈಗವಸು, ಬೂಟು ಕೊಡುವುದಿಲ್ಲ ಎಂದು ಹೇಳಿದ್ದರು. ಮುಖ ಮಸುಕು ಮಾಡಿದೆವು, ದನಿಯನ್ನೂ ಬದಲಿಸಿದೆವು. ಮಾತಾಡುವಾಗ ಅವರು ಎಡಗೈ ಎತ್ತಿ ಹಣೆ ಒರೆಸಿಕೊಂಡಿದ್ದರು. ಮುಂಗೈ ಮೇಲೆ ಹೆಂಡತಿಯ ಹೆಸರಿನ ಹಚ್ಚೆ ಇತ್ತು. ಎರಡು ಸೆಕೆಂಡೂ ಇರಲಿಲ್ಲ ಆ ದೃಶ್ಯ. ಗುತ್ತಿಗೆದಾರನ ಕಡೆಯವರು ಅದನ್ನೇ ನಿಲ್ಲಿಸಿ ನೋಡಿದರು. ಮರುದಿನದಿಂದ ಅವರಿಗೆ ಕೆಲಸ ಇರಲಿಲ್ಲ. ತಪ್ಪು ನಮ್ಮದು. ಸಂಘದವರು ಓಡಾಡಿ ಬೇರೆ ವಾರ್ಡಿನಲ್ಲಿ ಕೆಲಸ ಕೊಡಿಸುವವರೆಗೆ ಎರಡು ತಿಂಗಳು ಆ ಮನೆಯ ರೇಷನ್ ನಾವು ನೋಡಿಕೊಂಡೆವು, ಆದರೆ ಅದರಿಂದ ತಪ್ಪು ತೊಳೆದುಹೋಗುವುದಿಲ್ಲ.

ಅಂದಿನಿಂದ ನಾನು ಆಮೇಲೆ ಮಸುಕು ಮಾಡಿದರಾಯಿತು ಎಂದು ಮುಖ ತೆಗೆಯುವುದೇ ಇಲ್ಲ. ಕ್ಯಾಮೆರಾ ಮೊದಲೇ ಬೆನ್ನ ಹಿಂದೆ ಇರುತ್ತದೆ, ಇಲ್ಲವೇ ಗೋಡೆಯ ನೆರಳಿನ ಮೇಲೆ. ಮೂಲ ವಿಡಿಯೊ ಯಾರ ಕೈಗೋ ಸಿಕ್ಕರೂ ಅದರಲ್ಲಿ ಮುಖ ಇರುವುದಿಲ್ಲ. ಬಟ್ಟೆ, ಚಪ್ಪಲಿ, ಬಳೆ, ಗೋಡೆಯ ಮೇಲಿನ ದೇವರ ಫೋಟೊ, ಹೊರಗೆ ನಿಂತ ಬೈಕಿನ ನಂಬರ್ ನೋಡಿಕೊಳ್ಳಬೇಕು. ಅವರ ಮಾತನ್ನು ಬೇರೆಯವರಿಂದ ಓದಿಸಿ, ಹಾಗೆ ಓದಿಸಿದ್ದೇವೆ ಎಂದು ಪರದೆಯ ಮೇಲೆ ಬರೆಯಿರಿ. ಕೊನೆಗೆ ಅವರ ಪಕ್ಕದ ಮನೆಯವರಂತೆ ಕೂತು ಒಮ್ಮೆ ನೋಡಿ. ನಿಮಗೆ ಗುರುತು ಸಿಕ್ಕರೆ ಅವರಿಗೂ ಸಿಗುತ್ತದೆ.

ಮಕ್ಕಳನ್ನ ತೋರಿಸಬಹುದಾ?

ಶಾಲೆಯ ಅಂಗಳದಲ್ಲಿ ಆಡುವ ಮಕ್ಕಳನ್ನು ಮನೆಯವರ ಮತ್ತು ಶಾಲೆಯವರ ಒಪ್ಪಿಗೆಯಿಂದ ತೋರಿಸಬಹುದು. ಜೀತದಿಂದ, ದುಡಿಮೆಯಿಂದ, ಬೀದಿಯಿಂದ ಬಿಡಿಸಿ ತಂದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಹೊರಹಾಕುವ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಅದನ್ನು ನಿಷೇಧಿಸುತ್ತದೆ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಪೋಕ್ಸೊ ಕಾಯ್ದೆಯ 23ನೆಯ ಕಲಂ ಕೂಡ ಸೇರುತ್ತದೆ. ತಾಯಿಯ ಮುಖ ತೋರಿಸಿ ಮಗುವಿನದು ಮುಚ್ಚಿದರೂ ಗುರುತು ಸಿಕ್ಕ ಹಾಗೇ.

## ತೋರಿಸುವುದು, ತಲುಪಿಸುವುದು

ಯೂಟ್ಯೂಬ್‌ಗೆ ಹಾಕಿದ್ವಿ, ಇನ್ನೂರು ಜನಾನೂ ನೋಡಿಲ್ಲ. ಸೋತ ಹಾಗಾ?

ಆ ಇನ್ನೂರರಲ್ಲಿ ನಿಮ್ಮ ಪೌರಾಯುಕ್ತರು ಇದ್ದಾರಾ? ಇದ್ದರೆ ಸೋತಿಲ್ಲ. ಲಿಂಕ್ ಕಳಿಸಿ ಕೂರಬೇಡಿ. ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ, ಸ್ಪೀಕರ್ ಜೊತೆಗಿರಲಿ, ಕಚೇರಿಯಲ್ಲಿ ಕರೆಂಟ್ ಹೋದರೂ ಓಡುವ ಹಾಗಿರಲಿ. ಐದು ನಿಮಿಷ ಕೊಡಿ ಅಂದರೆ ಅಧಿಕಾರಿಗಳು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ತೋರಿಸಿದ ಕೂಡಲೇ ಅರ್ಜಿ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನ ಬಿಟ್ಟು ಏನು ಕ್ರಮ ಆಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ.

ನನ್ನ ಲೆಕ್ಕದ ಪುಸ್ತಕದಲ್ಲಿ ವ್ಯೂಸ್‌ಗೆ ಕಾಲಂ ಇಲ್ಲ. ಯಾವ ತಾರೀಕು, ಯಾರಿಗೆ ತೋರಿಸಿದೆವು, ಅವರು ಏನಂದರು, ಏನು ಮಾಡಿದರು ಅಂತ ನಾಲ್ಕು ಕಾಲಂ ಇವೆ.

ಊರಿನವ್ರಿಗೇ ಮೊದ್ಲು ತೋರಿಸಬೇಕಾ? ಅವ್ರಿಗೆ ಗೊತ್ತಿರೋದೇ ತಾನೇ?

ಮೊದಲು ಅವರಿಗೇ. 2012ರ ಮಾರ್ಚ್ 5ರಂದು ಅಮೆರಿಕದ ಒಂದು ಸಂಸ್ಥೆ 'ಕೋನಿ 2012' ಎಂಬ ಅರ್ಧ ಗಂಟೆಯ ವಿಡಿಯೊ ಹಾಕಿತು. ಉಗಾಂಡದಲ್ಲಿ ಮಕ್ಕಳನ್ನು ಅಪಹರಿಸಿ ಸೈನಿಕರನ್ನಾಗಿ ಮಾಡುತ್ತಿದ್ದ ಬಂಡುಕೋರ ಜೋಸೆಫ್ ಕೋನಿಯನ್ನು ಹಿಡಿಯಿರಿ ಎಂಬುದು ಅದರ ಕೂಗು. ಒಂದು ವಾರದೊಳಗೆ ಹತ್ತು ಕೋಟಿ ವ್ಯೂಸ್ ದಾಟಿತು. ಆಮೇಲೆ ಉತ್ತರ ಉಗಾಂಡದ ಲಿರಾ ಪಟ್ಟಣದಲ್ಲಿ ಅಲ್ಲಿನದೇ ಒಂದು ಸಂಸ್ಥೆಯವರು ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಕೋನಿಯ ಕೈಯಲ್ಲಿ ನೊಂದವರೇ ಬಂದು ನೋಡಿದರು. ಮಕ್ಕಳನ್ನು ಕಳೆದುಕೊಂಡ ನಮ್ಮ ಕಥೆ ಎಲ್ಲಿ, ಈ ಬಿಳಿಯರ ಕಥೆ ಯಾಕೆ, ಆ ಮನುಷ್ಯನ ಹೆಸರು ಬರೆದ ಟೀ ಶರ್ಟ್ ಯಾಕೆ ಎಂದು ಸಿಟ್ಟಾದರು. ಕಲ್ಲು ತೂರಾಟವಾಗಿ ಪ್ರದರ್ಶನ ಮುರಿಯಿತು. ಅದೇ ಜನ ಮೊದಲೇ ನೋಡಿದ್ದರೆ ಆ ವಿಡಿಯೊ ಬೇರೆಯೇ ಆಗುತ್ತಿತ್ತು.

ನಾವು ಪೌರಕಾರ್ಮಿಕರ ಕಾಲೊನಿಗಳಲ್ಲಿ ಗಣೇಶನ ಪೆಂಡಾಲಿನಲ್ಲೋ ಅಂಬೇಡ್ಕರ್ ಭವನದಲ್ಲೋ ಬಿಳಿ ಪಂಚೆ ಕಟ್ಟಿ ತೋರಿಸುತ್ತೇವೆ. ಪ್ರತಿ ಸಲ ಏನಾದರೂ ತಪ್ಪು ಹಿಡಿಯುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಎದ್ದು "ಇದ್ರಾಗ ನಾವು ಬರೀ ಸಾಯೋದೈತಿ, ನಾವು ಗೆದ್ದಿದ್ದೆಲ್ಲಿ?" ಎಂದು ಕೇಳಿದರು. ಅವರ ಕೇರಿಯವರು ನಾಲ್ಕು ದಿನ ಕೆಲಸ ನಿಲ್ಲಿಸಿ ಬಾಕಿ ಸಂಬಳ ಪಡೆದಿದ್ದರು. ನಾವು ಅದನ್ನು ಬಿಟ್ಟೇಬಿಟ್ಟಿದ್ದೆವು.

ಕೊನೇಲಿ "ಎಲ್ಲರೂ ಕೈಜೋಡಿಸಿ" ಅಂತ ಹಾಕಿದ್ದೀವಿ. ಸರೀನಾ?

ಕೈ ಎಲ್ಲಿ ಜೋಡಿಸಬೇಕು ಅಂತ ಹೇಳಿ. ವಿಡಿಯೊ ವಾಲಂಟಿಯರ್ಸ್ ಎಂಬ ಸಂಸ್ಥೆ 2010ರಿಂದ 'ಇಂಡಿಯಾ ಅನ್‌ಹರ್ಡ್' ಹೆಸರಿನಲ್ಲಿ ಹಳ್ಳಿಯವರಿಗೇ ತರಬೇತಿ ಕೊಟ್ಟು ಅವರಿಂದಲೇ ವಿಡಿಯೊ ಮಾಡಿಸುತ್ತಾ ಬಂದಿದೆ. ಅವರ ಎಷ್ಟೋ ವಿಡಿಯೊಗಳ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಕಚೇರಿ ನಂಬರ್ ಇರುತ್ತದೆ, ಫೋನ್ ಮಾಡಿ ಕೇಳಿ ಎಂದಿರುತ್ತದೆ. ಸಮಸ್ಯೆ ಬಗೆಹರಿದ ಮೇಲೆ ಇನ್ನೊಂದು ವಿಡಿಯೊ ಬರುತ್ತದೆ. ಅಷ್ಟು ಸರಳವಾಗಿರಲಿ. "ಈ ವಾರ್ಡಿಗೆ ಸಕ್ಕಿಂಗ್ ಯಂತ್ರ ಕೊಡಿ" ಎಂಬುದು ಬೇಡಿಕೆ. "ವ್ಯವಸ್ಥೆ ಬದಲಾಗಲಿ" ಎಂಬುದು ಆಸೆ. ಕಚೇರಿಯ ನಂಬರ್ ಕೊಡಿ, ಯಾರದೇ ಸ್ವಂತ ಮೊಬೈಲ್ ನಂಬರ್ ಬೇಡ.

ಯಾವ ಭಾಷೇಲಿ ಮಾಡ್ಬೇಕು?

ಅವರ ಮನೆಮಾತಿನಲ್ಲಿ ಮಾತಾಡಲಿ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ತೆಲುಗು ಮಾತಾಡುವವರು ಬಹಳ, ಕೆಜಿಎಫ್‌ನಲ್ಲಿ ತಮಿಳು, ತೆಲುಗು. ಅವರನ್ನು ಕಷ್ಟಪಟ್ಟು ಕನ್ನಡದಲ್ಲಿ ಮಾತಾಡಿಸಿದರೆ ಮಾತು ಬಡವಾಗುತ್ತದೆ. ಕೆಳಗೆ ದಪ್ಪ ಅಕ್ಷರದ ಕನ್ನಡ ಸಬ್‌ಟೈಟಲ್ ಹಾಕಿ. ಬಹಳ ಜನ ಮೊಬೈಲಿನ ಸದ್ದು ಮುಚ್ಚಿಟ್ಟೇ ನೋಡುತ್ತಾರೆ, ಕನ್ನಡದ ಮಾತಿಗೂ ಸಬ್‌ಟೈಟಲ್ ಬೇಕು.

## ಒಂದೆರಡು ವಿಡಿಯೊ ಮಾಡಿದವರಿಗೆ

ನಮ್ಮ ವಿಡಿಯೊನ ಕೋರ್ಟಿಗೆ ಸಾಕ್ಷಿಯಾಗಿ ಕೊಡಬಹುದಾ?

ಎಡಿಟ್ ಮಾಡಿದ್ದು ಅಷ್ಟು ಕೆಲಸಕ್ಕೆ ಬರುವುದಿಲ್ಲ, ಮೂಲ ಫೈಲ್ ಬೇಕು. ಮೊದಲು ಇಂಥ ಡಿಜಿಟಲ್ ದಾಖಲೆಗೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕೇಳುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಬಂದಿದೆ, ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ಆದ್ದರಿಂದ ತೆಗೆದ ದಿನವೇ ಮೂಲ ಫೈಲನ್ನು ಎರಡು ಕಡೆ ನಕಲು ಮಾಡಿ, ಹೆಸರೂ ಬದಲಿಸದೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಬೇರೆ ಫೈಲೇ ಆಗಿಬಿಡುತ್ತದೆ. ಘಟನಾ ಸ್ಥಳದಲ್ಲಿ ಒಂದು ಅಗಲದ ದೃಶ್ಯ, ಬೋರ್ಡೋ ಕಂಬದ ನಂಬರ್ರೋ ಕಾಣುವ ಒಂದು ದೃಶ್ಯ ತೆಗೆದುಕೊಳ್ಳಿ.

ಇಂಥ ದಾಖಲೆಗೆ ಎಷ್ಟು ಬೆಲೆ ಇದೆ ಎಂದು ತಿಳಿಯಲು ಸಫಾಯಿ ಕರ್ಮಚಾರಿ ಆಂದೋಲನವನ್ನು ನೋಡಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋದಾಗ ರಾಜ್ಯಗಳು ಒಂದಾದ ಮೇಲೊಂದು "ನಮ್ಮಲ್ಲಿ ಮಲ ಹೊರುವವರು ಇಲ್ಲ" ಎಂದವು. ಕಾರ್ಯಕರ್ತರು ಊರೂರು ಸುತ್ತಿ, ಕೈಯಿಂದ ಬಳಿಯಬೇಕಾದ ಒಣ ಪಾಯಿಖಾನೆಗಳ ಫೋಟೊ ತೆಗೆದು, ಕೆಲಸ ಮಾಡುವವರ ಹೇಳಿಕೆ ಪಡೆದು ಸಲ್ಲಿಸಿದರು. ಪರಿಹಾರ ಕೊಡಿ ಎಂದ 2014ರ ತೀರ್ಪಿನ ಹಿಂದೆ ಆ ಹನ್ನೊಂದು ವರ್ಷದ ಓಡಾಟ ಇದೆ.

ದೃಶ್ಯ ಸಿಗದ ಕಡೆ ಎಐನಿಂದ ಮಾಡಿಸಿ ಹಾಕಬಹುದಾ? ಮುಖಾನೂ ಬಚಾವಾಗುತ್ತೆ.

ಬೇಡ. 2023ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಕೊಲಂಬಿಯಾದ ಪ್ರತಿಭಟನೆಗಳ ಬಗ್ಗೆ ಎಐ ಚಿತ್ರಗಳನ್ನು ಹಾಕಿತು. ಪ್ರತಿಭಟನಕಾರರ ಮುಖ ಕಾಪಾಡಲು ಹೀಗೆ ಮಾಡಿದೆವು ಎಂದಿತು, ಎಐ ಚಿತ್ರ ಎಂದು ಬರೆದೂ ಇತ್ತು. ಆದರೂ ಟೀಕೆ ಬಂದು ಚಿತ್ರಗಳನ್ನು ತೆಗೆಯಬೇಕಾಯಿತು. ಒಂದು ಸುಳ್ಳು ದೃಶ್ಯ ಇದ್ದರೆ ಎದುರಿನವರು ನಿಜವಾದ ಐವತ್ತನ್ನೂ ಸುಳ್ಳು ಅನ್ನುತ್ತಾರೆ. ದೃಶ್ಯ ಇಲ್ಲದ ಕಡೆ ಕೈಯಲ್ಲಿ ಬರೆದ ಚಿತ್ರ ಬಳಸಿ. ಅದು ಬರೆದ ಚಿತ್ರ ಎಂದು ಮಗುವಿಗೂ ಗೊತ್ತಾಗುತ್ತದೆ. ಕಾಲೊನಿಯ ಮಕ್ಕಳಿಂದಲೇ ಬರೆಸಿ ನೋಡಿ.

ಅಧಿಕಾರಿ, ಗುತ್ತಿಗೆದಾರರ ಮಾತನ್ನೂ ಹಾಕಬೇಕಾ? ಮಾನನಷ್ಟ ಕೇಸ್ ಹಾಕಿದ್ರೆ?

ಅವರನ್ನು ಕೇಳಲೇಬೇಕು. ಪ್ರಶ್ನೆಯನ್ನು ಬರವಣಿಗೆಯಲ್ಲಿ ಕಳಿಸಿ, ಒಂದು ವಾರ ಸಮಯ ಕೊಡಿ. ಉತ್ತರ ಬಂದರೆ ಹಾಕಿ, ಬರದಿದ್ದರೆ "ಇಂಥ ದಿನ ಕೇಳಿದೆವು, ಉತ್ತರ ಬಂದಿಲ್ಲ" ಎಂದು ಹಾಕಿ. "ಕೊಲೆಗಡುಕ" ಎನ್ನುವ ಮಾತು ಬಿಟ್ಟು, ಕೈಗವಸು ಕೊಟ್ಟಿರಲಿಲ್ಲ ಎಂಬುದಕ್ಕೆ ಮೂವರ ಹೇಳಿಕೆ ಇಡಿ. ಹೆಸರು ಹೇಳುವ ಪ್ರತಿ ಸಾಲನ್ನೂ ಹೊರಬಿಡುವ ಮುಂಚೆ ವಕೀಲರಿಗೆ ತೋರಿಸಿ.

ಬೇಡಿಕೆ ಈಡೇರಿತು. ಈಗ ಆ ವಿಡಿಯೊ ಏನ್ಮಾಡೋದು?

ವಿಡಿಯೊದಲ್ಲಿ ಇದ್ದವರನ್ನು ಕೇಳಿ. ಸಂಸ್ಥೆಗಳಿಗೆ ಗೆದ್ದ ವಿಡಿಯೊ ಮೇಲೆ ಆಸೆ ಜಾಸ್ತಿ, ವರ್ಷಗಟ್ಟಲೆ ವಾರ್ಷಿಕ ವರದಿಯಲ್ಲೂ ಚಂದಾ ಕೇಳುವಾಗಲೂ ಅದನ್ನೇ ತೋರಿಸುತ್ತಾರೆ. ಅವರು ಒಪ್ಪಿದ್ದು ಪರಿಹಾರದ ಹೋರಾಟಕ್ಕೆ. ಅದು ಮುಗಿದ ಮೇಲೆ ಬೇರೆ ಬಳಕೆಗೆ ಬೇರೆ ಒಪ್ಪಿಗೆ ಬೇಕು.

ಸೀರೆ ಅಂಗಡಿಯ ಚೀಲದ ಆ ತಾಯಿ ಎರಡು ವರ್ಷದ ಮೇಲೆ ಫೋನ್ ಮಾಡಿದ್ದರು. ಮಗ ಕಾಲೇಜಿಗೆ ಸೇರಿದ್ದ, ಜೊತೆಯ ಹುಡುಗರು ಆ ವಿಡಿಯೊ ನೋಡಿ ಏನೋ ಅಂದಿದ್ದರಂತೆ. "ತೆಗೀಬೋದಾ ಸಾರ್?" ಎಂದು ಕೇಳಿದರು. ಅವತ್ತೇ ನಮ್ಮ ಚಾನೆಲ್‌ನಿಂದ ತೆಗೆದೆವು, ಹಂಚಿಕೊಂಡಿದ್ದ ಸಂಘಟನೆಗಳಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ತೆಗೆಸಿದೆವು. ವಾರದ ಮೇಲೆ ಅವರೇ ಮತ್ತೆ ಫೋನ್ ಮಾಡಿ, ತಮಗೊಂದು ಪ್ರತಿ ಬೇಕು ಅಂದರು. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟು ಬಂದೆ. ಅದನ್ನು ಅವರು ಅದೇ ಚೀಲದಲ್ಲಿ, ಮಂಜೂರಾತಿ ಆದೇಶದ ಕಾಗದದ ಜೊತೆ ಇಟ್ಟುಕೊಂಡರು.